ಕೈಗಾದ ಬಳಸಿದ ಇಂಧನ: ಸಂಗ್ರಹ ಹೆಚ್ಚಿದಂತೆ ಪರಿಸರದ ಮೇಲೆ ಏನು ಪರಿಣಾಮ?

ರಾಮನಗರದ ರೇಷ್ಮೆ ರೀಲಿಂಗ್ ಘಟಕ, ಚನ್ನಪಟ್ಟಣದ ಗೊಂಬೆ ತಯಾರಿಸುವ ಲೇತ್ ಯಂತ್ರ, ಕನಕಪುರ ಹಾಗೂ ಮಾಗಡಿಯ ತೋಟಗಳ ಪಂಪ್‌ಸೆಟ್ಟು - ಇವೆಲ್ಲಕ್ಕೂ ವಿದ್ಯುತ್ ಹರಿದು ಬರುವುದು ಒಂದೇ ಜಾಲದಿಂದ. ಆ ಜಾಲಕ್ಕೆ ಶರಾವತಿಯ ಜಲವಿದ್ಯುತ್ತು, ರಾಯಚೂರಿನ ಕಲ್ಲಿದ್ದಲ ವಿದ್ಯುತ್ತು ಸೇರುವಂತೆ ಉತ್ತರ ಕನ್ನಡ ಜಿಲ್ಲೆಯ ಕೈಗಾದ ಪರಮಾಣು ವಿದ್ಯುತ್ತೂ ಸೇರುತ್ತದೆ. ಕಲ್ಲಿದ್ದಲು ಸುಟ್ಟರೆ ಹಾರುಬೂದಿ ಉಳಿಯುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಪರಮಾಣು ಸ್ಥಾವರದಲ್ಲಿ ಉಳಿಯುವ 'ಬಳಸಿದ ಇಂಧನ' ಮಾತ್ರ ಸ್ಥಾವರದ ಗೋಡೆಯೊಳಗಿನ ನೀರಿನ ಕೊಳದಲ್ಲಿ, ಜನರ ಕಣ್ಣಿಗೆ ಬೀಳದೆ ಸಂಗ್ರಹವಾಗುತ್ತಾ ಹೋಗುತ್ತದೆ. ಕೈಗಾದಲ್ಲಿ ತಲಾ 700 ಮೆಗಾವ್ಯಾಟ್‌ನ ಎರಡು ಹೊಸ ಘಟಕಗಳು ತಲೆಯೆತ್ತುತ್ತಿರುವುದರಿಂದ ಈ ಸಂಗ್ರಹವೂ ಹಿಗ್ಗಲಿದೆ. ಅದರ ಸ್ವರೂಪವೇನು, ನೆಲ-ಜಲ-ಗಾಳಿಯ ಮೇಲೆ ಅದರ ಪರಿಣಾಮವೇನು, ಕೊನೆಗೆ ಅದು ಸೇರುವುದೆಲ್ಲಿಗೆ ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಬಳಸಿದ ಇಂಧನ ಎಂದರೇನು?

ಕೈಗಾದಲ್ಲಿ ಇಂದು ನಡೆಯುತ್ತಿರುವುದು ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಭಾರಜಲ ಘಟಕಗಳು, ಒಟ್ಟು 880 ಮೆಗಾವ್ಯಾಟ್. ಮೊದಲ ಎರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇವುಗಳ ಇಂಧನ ನೈಸರ್ಗಿಕ ಯುರೇನಿಯಂನ ಆಕ್ಸೈಡ್. ಅದನ್ನು ಬಿಲ್ಲೆಗಳನ್ನಾಗಿ ಮಾಡಿ, ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಲ್ಲಿ ತುಂಬಿ, 19 ಕೊಳವೆಗಳನ್ನು ಒಂದು ಕಟ್ಟಾಗಿ ಜೋಡಿಸಲಾಗುತ್ತದೆ. ಒಂದು ಕಟ್ಟಿನ ಉದ್ದ ಸುಮಾರು ಅರ್ಧ ಮೀಟರ್, ಅದರಲ್ಲಿರುವ ಇಂಧನದ ತೂಕ ಸುಮಾರು 15 ಕಿಲೋ. ಒಂದು ಘಟಕದ ಒಡಲಲ್ಲಿ 306 ನಾಳಗಳಿದ್ದು, ಪ್ರತಿ ನಾಳದಲ್ಲಿ 12ರಂತೆ 3672 ಕಟ್ಟುಗಳಿರುತ್ತವೆ.

ಈ ಬಗೆಯ ಘಟಕದ ವೈಶಿಷ್ಟ್ಯವೆಂದರೆ, ವಿದ್ಯುತ್ ಉತ್ಪಾದನೆ ನಿಲ್ಲಿಸದೆಯೇ ಯಂತ್ರದ ನೆರವಿನಿಂದ ಒಂದು ತುದಿಯಲ್ಲಿ ಹೊಸ ಕಟ್ಟು ತುಂಬಿ ಇನ್ನೊಂದು ತುದಿಯಿಂದ ಹಳೆಯದನ್ನು ಹೊರತೆಗೆಯಬಹುದು. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ನಿರಂತರವಾಗಿ ನಡೆದು ವಿಶ್ವದಾಖಲೆ ಬರೆಯಲು ಸಾಧ್ಯವಾದದ್ದು ಇದರಿಂದಲೇ. ಅಷ್ಟೂ ದಿನ ಬಳಸಿದ ಇಂಧನವೂ ನಿರಂತರವಾಗಿ ಹೊರಬರುತ್ತಲೇ ಇತ್ತು.

ಹೊರಬಂದ ಕಟ್ಟಿನಲ್ಲಿ ಶೇ 98ಕ್ಕೂ ಹೆಚ್ಚು ಭಾಗ ಯುರೇನಿಯಂ ಆಗಿಯೇ ಉಳಿದಿರುತ್ತದೆ. ಶೇ 1ಕ್ಕಿಂತ ಕಡಿಮೆ ಇರುವ ವಿದಳನದ ಶೇಷಗಳು ಮತ್ತು ಅದಕ್ಕಿಂತಲೂ ಕಡಿಮೆ ಇರುವ ಪ್ಲುಟೋನಿಯಂ - ಅಪಾಯವೆಲ್ಲ ಈ ಸಣ್ಣ ಪಾಲಿನಲ್ಲಿದೆ. ಸೀಸಿಯಂ-137ರ ಅರ್ಧಾಯುಷ್ಯ 30 ವರ್ಷ, ಸ್ಟ್ರಾನ್ಷಿಯಂ-90ರದು ಸುಮಾರು 29 ವರ್ಷ. ಪ್ಲುಟೋನಿಯಂ-239ರ ಅರ್ಧಾಯುಷ್ಯ 24 ಸಾವಿರ ವರ್ಷಗಳಿಗೂ ಹೆಚ್ಚು. ಅರ್ಧಾಯುಷ್ಯವೆಂದರೆ ವಸ್ತುವಿನ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ. ಪೂರ್ತಿ ನಿರಪಾಯಕಾರಿಯಾಗಲು ಅದರ ಹತ್ತುಪಟ್ಟು ಕಾಲವಾದರೂ ಬೇಕೆಂಬುದು ಸ್ಥೂಲ ಲೆಕ್ಕ.

ಸಂಗ್ರಹದ ಎರಡು ವಿಧಾನ

ಸ್ಥಾವರದಿಂದ ಹೊರಬಂದ ಕಟ್ಟು ವಿಪರೀತ ಬಿಸಿಯಾಗಿರುತ್ತದೆ. ವಿದಳನ ನಿಂತರೂ ಅದರೊಳಗಿನ ಶೇಷಗಳು ಕ್ಷಯಿಸುತ್ತಾ ಶಾಖ ಬಿಡುತ್ತಲೇ ಇರುತ್ತವೆ. ಆದುದರಿಂದ ಮೊದಲ ಹಂತದಲ್ಲಿ ಅದನ್ನು ಆಳವಾದ ಕಾಂಕ್ರೀಟ್ ಕೊಳದ ನೀರಿನಲ್ಲಿ ಮುಳುಗಿಸಿಡಲಾಗುತ್ತದೆ. ನೀರು ಇಲ್ಲಿ ಎರಡು ಕೆಲಸ ಮಾಡುತ್ತದೆ: ಶಾಖವನ್ನು ಹೀರುತ್ತದೆ, ವಿಕಿರಣವನ್ನು ತಡೆಯುತ್ತದೆ. ಪಂಪುಗಳು ಈ ನೀರನ್ನು ಸತತವಾಗಿ ತಂಪಾಗಿಸುತ್ತಿರಬೇಕು ಮತ್ತು ಶೋಧಕಗಳ ಮೂಲಕ ಶುದ್ಧಗೊಳಿಸುತ್ತಿರಬೇಕು.

ಕೆಲವು ವರ್ಷ ಹೀಗೆ ತಣಿದ ಇಂಧನವನ್ನು ಎರಡನೆಯ ವಿಧಾನವಾದ ಒಣ ಸಂಗ್ರಹಕ್ಕೆ ವರ್ಗಾಯಿಸಬಹುದು. ಉಕ್ಕು ಮತ್ತು ಕಾಂಕ್ರೀಟಿನ ದಪ್ಪ ಪೀಪಾಯಿಗಳಲ್ಲಿ ಇಂಧನವನ್ನಿಟ್ಟು ಮುಚ್ಚಿದರೆ, ಸುತ್ತಲಿನ ಗಾಳಿಯೇ ಅದರ ಶಾಖವನ್ನು ಒಯ್ಯುತ್ತದೆ. ಪಂಪು ಬೇಡ, ವಿದ್ಯುತ್ ಬೇಡ. ರಾಜಸ್ಥಾನದ ರಾವತ್‌ಭಾಟಾದಲ್ಲಿ ಈ ಬಗೆಯ ಒಣ ಸಂಗ್ರಹ ರೂಢಿಯಲ್ಲಿದೆ. ಕೆನಡಾದ ಭಾರಜಲ ಸ್ಥಾವರಗಳೂ ಇದೇ ದಾರಿ ಹಿಡಿದಿವೆ.

ಎರಡರ ವ್ಯತ್ಯಾಸ 2011ರ ಮಾರ್ಚ್‌ನಲ್ಲಿ ಜಪಾನಿನ ಫುಕುಶಿಮಾದಲ್ಲಿ ಸ್ಪಷ್ಟವಾಯಿತು. ಸುನಾಮಿಯಿಂದ ವಿದ್ಯುತ್ ಕಡಿದುಹೋದಾಗ ನಾಲ್ಕನೆಯ ಘಟಕದ ಕೊಳದಲ್ಲಿದ್ದ ಇಂಧನ ಎಲ್ಲಿ ಬಯಲಿಗೆ ಬೀಳುವುದೋ ಎಂದು ಜಗತ್ತೇ ಆತಂಕಗೊಂಡಿತ್ತು. ಅದೇ ಆವರಣದಲ್ಲಿ ಒಣ ಪೀಪಾಯಿಗಳಿದ್ದ ಕಟ್ಟಡಕ್ಕೂ ನೀರು ನುಗ್ಗಿತ್ತು. ಆದರೆ ಒಳಗಿದ್ದ ಇಂಧನಕ್ಕೆ ಧಕ್ಕೆಯಾಗಲಿಲ್ಲ.

ಕೈಗಾದ ಲೆಕ್ಕ

ಎಷ್ಟು ಇಂಧನ ಸಂಗ್ರಹವಾಗುತ್ತದೆ ಎಂಬುದನ್ನು ಸ್ಥೂಲವಾಗಿ ಯಾರಾದರೂ ಲೆಕ್ಕ ಹಾಕಬಹುದು. 220 ಮೆಗಾವ್ಯಾಟ್ ವಿದ್ಯುತ್ ಪಡೆಯಲು ಘಟಕ ಸುಮಾರು 750 ಮೆಗಾವ್ಯಾಟ್ ಶಾಖ ಉತ್ಪಾದಿಸಬೇಕು. ಒಂದು ಟನ್ ನೈಸರ್ಗಿಕ ಯುರೇನಿಯಂನಿಂದ ಸುಮಾರು 6700 ಮೆಗಾವ್ಯಾಟ್-ದಿನಗಳಷ್ಟು ಶಾಖ ದೊರೆಯುತ್ತದೆ. ವರ್ಷದ ಶೇ 85ರಷ್ಟು ಕಾಲ ಘಟಕ ನಡೆಯಿತೆಂದು ಹಿಡಿದರೆ ಒಂದು ಘಟಕದಿಂದ ವರ್ಷಕ್ಕೆ ಸುಮಾರು 35 ಟನ್, ಅಂದರೆ ದಿನಕ್ಕೆ ಏಳು ಕಟ್ಟುಗಳಷ್ಟು ಬಳಸಿದ ಇಂಧನ ಹೊರಬರುತ್ತದೆ. ನಾಲ್ಕು ಘಟಕಗಳಿಂದ ವರ್ಷಕ್ಕೆ ಸುಮಾರು 140 ಟನ್.

700 ಮೆಗಾವ್ಯಾಟ್ ಘಟಕವೊಂದರಿಂದ ಇದೇ ಲೆಕ್ಕದಲ್ಲಿ ವರ್ಷಕ್ಕೆ 95ರಿಂದ 100 ಟನ್ ಬರುತ್ತದೆ. ಐದು ಮತ್ತು ಆರನೆಯ ಘಟಕಗಳು ಸೇರಿದರೆ ಕೈಗಾದ ವಾರ್ಷಿಕ ಪ್ರಮಾಣ 330 ಟನ್ನಿಗೆ ಏರುತ್ತದೆ. ಹತ್ತು ವರ್ಷಕ್ಕೆ 1400 ಟನ್ ಇದ್ದದ್ದು 3300 ಟನ್ನಾಗುತ್ತದೆ. ಹೊಸ ಘಟಕಗಳು ಎರಡೇ ಆದರೂ ಸಂಗ್ರಹದ ಹೊರೆ ಎರಡು ಪಟ್ಟಿಗಿಂತ ಹೆಚ್ಚು ಎಂಬುದನ್ನು ಗಮನಿಸಬೇಕು.

ಗಾತ್ರದಲ್ಲಿ ಇದು ದೊಡ್ಡದಲ್ಲ. ಒಂದು ಹಳೆಯ ಘಟಕದ ಒಂದು ವರ್ಷದ ಕಟ್ಟುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಒಂದೆರಡು ಟಿಪ್ಪರ್ ಲಾರಿಗಳಷ್ಟು ಜಾಗ ಸಾಕು. ಆದರೆ ಹಾಗೆ ಜೋಡಿಸುವಂತಿಲ್ಲ. ಶಾಖ ಹೋಗಲು ಅಂತರ ಬೇಕು, ವಿಕಿರಣ ತಡೆಯಲು ನೀರು ಅಥವಾ ಕಾಂಕ್ರೀಟು ಬೇಕು. ಅಲ್ಲದೆ, ಸಮೃದ್ಧ ಯುರೇನಿಯಂ ಬಳಸುವ ವಿದೇಶಿ ಮಾದರಿಯ ಘಟಕಗಳಿಗೆ ಹೋಲಿಸಿದರೆ ನೈಸರ್ಗಿಕ ಯುರೇನಿಯಂ ಘಟಕಗಳು ಅಷ್ಟೇ ವಿದ್ಯುತ್ತಿಗೆ ಹಲವು ಪಟ್ಟು ಹೆಚ್ಚು ತೂಕದ ಬಳಸಿದ ಇಂಧನವನ್ನು ಉಳಿಸುತ್ತವೆ.

ಪರಿಣಾಮಗಳ ಬಗೆ

ಕೊಳದ ಸಂಗ್ರಹದಿಂದ ಪರಿಸರಕ್ಕೆ ತಾಗಬಹುದಾದ ಪರಿಣಾಮಗಳನ್ನು ಐದು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ನೀರು. ಕಟ್ಟಿನ ಲೋಹದ ಹೊದಿಕೆಯಲ್ಲಿ ಸೂಕ್ಷ್ಮ ಬಿರುಕಿದ್ದರೆ ಸೀಸಿಯಂನಂಥ ಕರಗುವ ವಸ್ತುಗಳು ಕೊಳದ ನೀರಿಗೆ ಸೇರುತ್ತವೆ. ಶೋಧಕಗಳು ಅವನ್ನು ಹಿಡಿದಿಡುತ್ತವೆ, ಆದರೆ ಬಳಸಿದ ಶೋಧಕವೇ ಮತ್ತೊಂದು ವಿಕಿರಣ ತ್ಯಾಜ್ಯವಾಗುತ್ತದೆ. ಕೊಳದ ಗೋಡೆ ಸೋರಿದರೆ ಮಲಿನ ನೀರು ಅಂತರ್ಜಲ ಸೇರುವ ಸಂಭವವಿದೆ. ಸೋರಿಕೆ ಪತ್ತೆಯ ವ್ಯವಸ್ಥೆ, ಸುತ್ತಲಿನ ವೀಕ್ಷಣಾ ಬಾವಿಗಳು ಇದಕ್ಕಾಗಿಯೇ ಬೇಕು.

ಎರಡನೆಯದು ಗಾಳಿ. ಟ್ರೀಷಿಯಂ ನೀರಿನ ಭಾಗವೇ ಆಗಿರುವುದರಿಂದ ಶೋಧಕಕ್ಕೆ ಸಿಗದೆ ಆವಿಯೊಡನೆ ಹೊರಹೋಗುತ್ತದೆ. ಭಾರಜಲ ಸ್ಥಾವರಗಳಲ್ಲಿ ಟ್ರೀಷಿಯಂನ ಬಹುಪಾಲು ಬರುವುದು ಘಟಕದೊಳಗಿನ ಭಾರಜಲದಿಂದಲೇ ಹೊರತು ಸಂಗ್ರಹ ಕೊಳದಿಂದಲ್ಲ. ಆದರೂ ಒಟ್ಟು ಬಿಡುಗಡೆಗೆ ಇದೂ ಸೇರುತ್ತದೆ.

ಮೂರನೆಯದು ಶಾಖ. ಕೈಗಾದ ಟರ್ಬೈನುಗಳ ಹಬೆಯನ್ನು ತಣಿಸಿದ ಬಿಸಿನೀರು ಕಾಳಿ ನದಿಯ ಕದ್ರಾ ಜಲಾಶಯಕ್ಕೆ ಸೇರುತ್ತದೆ. ಅದರ ಮುಂದೆ ಸಂಗ್ರಹ ಕೊಳದ ಶಾಖ ಅತ್ಯಲ್ಪ. ಇಲ್ಲಿ ಪ್ರಶ್ನೆ ಶಾಖದ ಪ್ರಮಾಣದ್ದಲ್ಲ, ತಂಪುಗೊಳಿಸುವ ಕೆಲಸ ಒಂದು ದಿನವೂ ನಿಲ್ಲದಂತೆ ನೋಡಿಕೊಳ್ಳುವುದರದ್ದು.

ನಾಲ್ಕನೆಯದು ಅಪಘಾತ. ಈ ಬಗ್ಗೆ ಉತ್ಪ್ರೇಕ್ಷೆಯೂ ಬೇಡ, ನಿರ್ಲಕ್ಷ್ಯವೂ ಬೇಡ. ನೈಸರ್ಗಿಕ ಯುರೇನಿಯಂನ ಕಟ್ಟುಗಳು ಸಾಮಾನ್ಯ ನೀರಿನಲ್ಲಿ ಸರಪಳಿ ಕ್ರಿಯೆಗೆ ತೊಡಗಲಾರವು. ಅವುಗಳ ಉಳಿಕೆ ಶಾಖವೂ ಫುಕುಶಿಮಾದ ಇಂಧನಕ್ಕಿಂತ ಕಡಿಮೆ. ಆದ್ದರಿಂದ ಅಲ್ಲಿನ ಭೀತಿಯನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಆದರೆ ಕೊಳದಲ್ಲಿ ಕಟ್ಟುಗಳ ಸಂಖ್ಯೆ ಹೆಚ್ಚಿದಷ್ಟೂ, ಯಾವುದೇ ಅವಘಡದಲ್ಲಿ ಹೊರಬೀಳಬಹುದಾದ ಸೀಸಿಯಂನ ಪ್ರಮಾಣವೂ ಹೆಚ್ಚುತ್ತದೆ ಎಂಬುದು ನಿರ್ವಿವಾದ.

ಐದನೆಯದು ಸಾಗಣೆ. ಬಳಸಿದ ಇಂಧನವನ್ನು ಸಂಸ್ಕರಿಸಿ ಪ್ಲುಟೋನಿಯಂ ಮತ್ತು ಯುರೇನಿಯಂ ಬೇರ್ಪಡಿಸುವುದು ಭಾರತದ ನೀತಿ. ಸಂಸ್ಕರಣಾ ಘಟಕಗಳಿರುವುದು ಟ್ರಾಂಬೆ, ತಾರಾಪುರ ಮತ್ತು ಕಲ್ಪಾಕ್ಕಂಗಳಲ್ಲಿ. ಕೈಗಾದಲ್ಲಿ ಅಂಥ ಘಟಕವಿಲ್ಲ. ಆದುದರಿಂದ ಇಲ್ಲಿನ ಇಂಧನ ಸಂಸ್ಕರಣೆಗೆ ಹೋಗಬೇಕಾದರೆ ಭಾರೀ ಪೀಪಾಯಿಗಳಲ್ಲಿ ದೂರ ಸಾಗಬೇಕು. ಸಂಸ್ಕರಣೆಯ ವೇಗ ಉತ್ಪಾದನೆಯ ವೇಗಕ್ಕೆ ಸರಿಗಟ್ಟದಿದ್ದರೆ ಸ್ಥಾವರದಲ್ಲೇ ಸಂಗ್ರಹ ಬೆಳೆಯುತ್ತದೆ. ಸಂಸ್ಕರಣೆಯಾದರೂ ತೊಂದರೆ ಮುಗಿಯುವುದಿಲ್ಲ: ಅತಿ ತೀವ್ರ ವಿಕಿರಣದ ದ್ರವ ಉಳಿಯುತ್ತದೆ, ಅದನ್ನು ಗಾಜಿನೊಡನೆ ಕರಗಿಸಿ ಘನರೂಪಕ್ಕೆ ತಂದು ಮತ್ತೆ ದಶಕಗಳ ಕಾಲ ತಣಿಸಿಡಬೇಕು.

ಘಟ್ಟದ ಮಳೆ, ಮಣ್ಣು

ಕೈಗಾ ಇರುವುದು ಪಶ್ಚಿಮ ಘಟ್ಟದ ದಟ್ಟ ಅರಣ್ಯದ ನಡುವೆ, ಕಾಳಿ ಕಣಿವೆಯಲ್ಲಿ. ಮೇಲೆ ಸೂಪಾ ಹಾಗೂ ಕೊಡಸಳ್ಳಿ ಅಣೆಕಟ್ಟುಗಳು, ಕೆಳಗೆ ಕದ್ರಾ. ನೆರೆಯಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಕದ್ರಾದಿಂದ ಬಿಟ್ಟ ನೀರು ಕೆಳಗಿನ ಹಳ್ಳಿಗಳನ್ನು ಮುಳುಗಿಸಿತು. 2021ರಲ್ಲೇ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು.

ಇವು ಸ್ಥಾವರದೊಳಗೆ ನಡೆದ ಘಟನೆಗಳಲ್ಲ. ಆದರೆ ಹತ್ತಾರು ವರ್ಷ ಕಾಯಬೇಕಾದ ವಸ್ತುವನ್ನು ಇಡುವ ತಾಣದ ಸುತ್ತ ಮಳೆಯ ಸ್ವಭಾವ ಬದಲಾಗುತ್ತಿದೆ ಎಂಬುದರ ಸೂಚನೆಗಳು. 1980ರ ದಶಕದಲ್ಲಿ ತಾಣ ಆಯ್ಕೆಯಾದಾಗಿನ ಪ್ರವಾಹ ಮತ್ತು ಇಳಿಜಾರಿನ ಲೆಕ್ಕಗಳು ಇಂದಿಗೂ ಸಾಕೇ, ರಸ್ತೆ ಕಡಿದುಹೋದರೆ ಡೀಸೆಲ್ ಮತ್ತು ಸಿಬ್ಬಂದಿ ಸ್ಥಾವರ ತಲುಪುವುದು ಹೇಗೆ ಎಂಬ ಪ್ರಶ್ನೆಗಳು ಸಂಗ್ರಹ ವಿಸ್ತರಣೆಯ ಜೊತೆಗೇ ಬರಬೇಕಾದವು.

ಕೈಗಾ ಕುರಿತ ಸಂದೇಹ ಹೊಸದಲ್ಲ. ಡಾ. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ನಿಂತಿದ್ದರು. ಹೊನ್ನಾವರದ ವೈದ್ಯೆ ಡಾ. ಕುಸುಮಾ ಸೊರಬ ಅವರೂ ಈ ಹೋರಾಟದಲ್ಲಿದ್ದರು. 1994ರ ಮೇ ತಿಂಗಳಲ್ಲಿ ನಿರ್ಮಾಣದ ಹಂತದಲ್ಲಿದ್ದ ಗುಮ್ಮಟದ ಒಳಪದರ ಕುಸಿದಾಗ ಇಡೀ ವಿನ್ಯಾಸವನ್ನು ಪರಿಷ್ಕರಿಸಬೇಕಾಯಿತು. 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರೀಷಿಯಂಯುಕ್ತ ಭಾರಜಲ ಬೆರೆತು ಐವತ್ತಕ್ಕೂ ಹೆಚ್ಚು ನೌಕರರ ದೇಹ ಸೇರಿತು. ಅದು ಯಾರೋ ಬೇಕೆಂದೇ ಮಾಡಿದ ಕೃತ್ಯವೆಂದು ಅಧಿಕಾರಿಗಳು ಹೇಳಿದ್ದರು. ಯಂತ್ರ ಎಷ್ಟೇ ಭದ್ರವಾಗಿದ್ದರೂ ಮನುಷ್ಯನ ಕೈ ನಡುವೆ ಇದ್ದೇ ಇರುತ್ತದೆ ಎಂಬುದನ್ನು ಆ ಪ್ರಸಂಗ ನೆನಪಿಸಿತು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ಸ್ಥಾವರದ ಸುತ್ತಲಿನ ನೀರು, ಹಾಲು, ಮೀನು, ಮಣ್ಣನ್ನು ಪರೀಕ್ಷಿಸಲು ಕೈಗಾದಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯವಿದೆ. ಘಟಕಗಳು ಆರಂಭವಾಗುವ ಮೊದಲೇ ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಆ ಪ್ರದೇಶದ ಸಹಜ ವಿಕಿರಣವನ್ನು ಅಳೆದಿದ್ದರು. ಸಾರ್ವಜನಿಕರಿಗೆ ಸ್ಥಾವರದಿಂದ ತಾಗಬಹುದಾದ ವಿಕಿರಣದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್. ಜಗತ್ತಿನಲ್ಲಿ ನೈಸರ್ಗಿಕವಾಗಿಯೇ ಒಬ್ಬರಿಗೆ ಸರಾಸರಿ 2.4 ಮಿಲಿಸೀವರ್ಟ್ ತಾಗುತ್ತದೆ. ಎಲ್ಲವೂ ಕ್ರಮವಾಗಿ ನಡೆದಾಗ ಸ್ಥಾವರದ ಪಾಲು ಈ ಮಿತಿಯ ಸಣ್ಣ ಅಂಶವೆಂದೇ ಅಧಿಕೃತ ಅಳತೆಗಳು ತೋರಿಸುತ್ತವೆ.

ಕೂಡಂಕುಳಂನಿಂದ ಕೋಲಾರಕ್ಕೆ

ಸಂಗ್ರಹದ ಪ್ರಶ್ನೆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದದ್ದು ತಮಿಳುನಾಡಿನ ಕೂಡಂಕುಳಂ ಪ್ರಕರಣದಲ್ಲಿ. 2013ರ ಮೇ 6ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಥಾವರಕ್ಕೆ ಅನುಮತಿ ನೀಡಿತಾದರೂ, ಬಳಸಿದ ಇಂಧನಕ್ಕೆ ಘಟಕದಿಂದ ಹೊರಗೆ ಪ್ರತ್ಯೇಕ ಸಂಗ್ರಹಾಗಾರವನ್ನು ಐದು ವರ್ಷದೊಳಗೆ ನಿರ್ಮಿಸಬೇಕೆಂದೂ, ಶಾಶ್ವತ ಭೂಗರ್ಭ ಭಂಡಾರದ ಬಗ್ಗೆ ಶೀಘ್ರ ಕ್ರಮ ಕೈಗೊಳ್ಳಬೇಕೆಂದೂ ಸೂಚಿಸಿತು. ಗಡುವಿನೊಳಗೆ ಸಂಗ್ರಹಾಗಾರ ಆಗಲಿಲ್ಲ, 2018ರಲ್ಲಿ ಅವಧಿ ವಿಸ್ತರಣೆ ಪಡೆಯಲಾಯಿತು. 2019ರ ಜುಲೈ 10ಕ್ಕೆ ಗೊತ್ತುಪಡಿಸಿದ್ದ ಸಾರ್ವಜನಿಕ ಅಹವಾಲು ಸಭೆಯೂ ವಿರೋಧದಿಂದಾಗಿ ಮುಂದೆ ಹೋಯಿತು.

ಅದೇ ಪ್ರಕರಣದ ವಿಚಾರಣೆ ವೇಳೆ, 2012ರ ನವೆಂಬರ್‌ನಲ್ಲಿ, ಪರಮಾಣು ತ್ಯಾಜ್ಯವನ್ನು ಕೋಲಾರದ ಚಿನ್ನದ ಗಣಿಗಳಲ್ಲಿ ಇಡುವ ಮಾತು ನ್ಯಾಯಾಲಯದಲ್ಲಿ ಪ್ರಸ್ತಾಪವಾಯಿತು. 2001ರಲ್ಲಿ ಗಣಿ ಮುಚ್ಚಿ ಬದುಕು ಕಳೆದುಕೊಂಡಿದ್ದ ಕೆಜಿಎಫ್ ಜನ ಬೀದಿಗಿಳಿದರು. ಕೆಲವೇ ದಿನಗಳಲ್ಲಿ, ಅಂಥ ಯೋಜನೆ ಇಲ್ಲವೆಂದು ಸರ್ಕಾರದ ಕಡೆಯಿಂದ ಸ್ಪಷ್ಟನೆ ಬಂತು. ಗಾಳಿಸುದ್ದಿಗೆ ಒಂದು ಹಿನ್ನೆಲೆಯೂ ಇತ್ತು: 1980ರ ದಶಕದಲ್ಲಿ ಅಲ್ಲಿನ ಗಣಿಯ ಸುಮಾರು 1000 ಮೀಟರ್ ಆಳದಲ್ಲಿ, ಶಾಖಕ್ಕೆ ಬಂಡೆ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ತಿಳಿಯಲು ಹೀಟರುಗಳನ್ನಿಟ್ಟು ಪ್ರಯೋಗ ನಡೆಸಲಾಗಿತ್ತು.

ನಮ್ಮ ಬಂಡೆಯ ಪಾಠ

ಇಲ್ಲಿ ರಾಮನಗರದ ಓದುಗನಿಗೆ ಹತ್ತಿರದ ಸಂಗತಿಯೊಂದಿದೆ. ಶಾಶ್ವತ ಭಂಡಾರಕ್ಕೆ ಜಗತ್ತು ಹುಡುಕುತ್ತಿರುವುದು ಹಳೆಯ, ಗಟ್ಟಿಯಾದ, ಅಲುಗದ ಬಂಡೆಯನ್ನು. ಫಿನ್ಲೆಂಡ್ ಒಲ್ಕಿಲುವೊಟೊ ದ್ವೀಪದ ಬಂಡೆಯಲ್ಲಿ 400 ಮೀಟರಿಗೂ ಹೆಚ್ಚು ಆಳದಲ್ಲಿ ಓಂಕಾಲೋ ಭಂಡಾರವನ್ನು ಕೊರೆದು 2024ರಲ್ಲಿ ಪ್ರಾಯೋಗಿಕ ಚಾಲನೆ ಆರಂಭಿಸಿತು. ಕೆನಡಾ ಅದೇ ವರ್ಷ ಒಂಟಾರಿಯೊ ಪ್ರಾಂತದ ಇಗ್ನೇಸ್ ಪ್ರದೇಶವನ್ನು, ಸ್ಥಳೀಯ ಸಮುದಾಯಗಳು ಒಪ್ಪಿದ ಬಳಿಕ, ಆಯ್ಕೆ ಮಾಡಿತು. ಭಾರತ ಇನ್ನೂ ತಾಣ ನಿರ್ಧರಿಸಿಲ್ಲ.

ನಮ್ಮ ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಿಂದ ಬಂದ ಆ ಹೆಸರು ಭೂವಿಜ್ಞಾನದಲ್ಲಿ ಇಂದಿಗೂ ಉಳಿದಿದೆ. ರಾಮದೇವರ ಬೆಟ್ಟ, ಮಾಗಡಿಯ ಸಾವನದುರ್ಗಗಳನ್ನು ಒಳಗೊಂಡು ಉತ್ತರಕ್ಕೆ ಬಳ್ಳಾರಿ ಸೀಮೆಯವರೆಗೆ ಚಾಚಿದ, ಸುಮಾರು 250 ಕೋಟಿ ವರ್ಷ ಹಳೆಯ ಶಿಲಾಪಟ್ಟಿಯನ್ನು ವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಇದರಿಂದ ಇಲ್ಲಿ ಭಂಡಾರ ಬರುತ್ತದೆಂದು ಯಾರೂ ಭಾವಿಸಬೇಕಾಗಿಲ್ಲ. ಆದರೆ ಭಂಡಾರದ ಮುಖ್ಯ ತೊಡಕೇನೆಂದು ಇಲ್ಲಿನ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನಕಪುರದ ಹೊಲವೊಂದರಲ್ಲಿ ಕೊರೆದ ಕೊಳವೆಬಾವಿ ಸಾವಿರ ಅಡಿಯಲ್ಲೂ ಒಣಗಿರಬಹುದು, ಬದುವಿನಾಚೆ ಕೊರೆದದ್ದರಲ್ಲಿ ನೀರು ಚಿಮ್ಮಬಹುದು. ಬಂಡೆ ಗಟ್ಟಿ, ಆದರೆ ನೀರು ಹರಿಯುವುದು ಅದರ ಬಿರುಕಿನಲ್ಲಿ. ಸಾವಿರಾರು ವರ್ಷ ತ್ಯಾಜ್ಯವನ್ನು ಕಾಯಬೇಕಾದ ಬಂಡೆಯ ಪರೀಕ್ಷೆಯೂ ಇದೇ ಬಿರುಕುಗಳ ಪರೀಕ್ಷೆ.

ಇನ್ನೊಂದು ಪಾಠ ಬೈರಮಂಗಲ ಕೆರೆಯದು. ಬೆಂಗಳೂರಿನ ಕೊಳಚೆಯನ್ನು ವೃಷಭಾವತಿ ಹೊತ್ತು ತಂದು ಈ ಕೆರೆಗೆ ಸುರಿಯುತ್ತದೆ. ಅನುಕೂಲ ಮೇಲಿನವರದ್ದು, ಕೊಳೆ ಕೆಳಗಿನವರದ್ದು. ಕೈಗಾದ ವಿದ್ಯುತ್ತಿನಲ್ಲಿ ಪಾಲು ಪಡೆಯುವ ನಾವು ಆ ಲೆಕ್ಕದಲ್ಲಿ ಕಾಳಿ ಕಣಿವೆಯವರಿಗೆ ಮೇಲಿನವರು.

ಕಾನೂನು ಮತ್ತು ಮೇಲ್ವಿಚಾರಣೆ

ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ ರಚನೆಯಾಯಿತು. ಅದರ ಸ್ವಾಯತ್ತತೆಯ ಬಗ್ಗೆ ದಶಕಗಳ ಕಾಲ ಆಕ್ಷೇಪವಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ 'ಶಾಂತಿ' ಕಾಯ್ದೆ 1962ರ ಪರಮಾಣು ಶಕ್ತಿ ಕಾಯ್ದೆಯ ಸ್ಥಾನಕ್ಕೆ ಬಂದು, ಮಂಡಳಿಗೆ ಶಾಸನಬದ್ಧ ಸ್ಥಾನ ನೀಡಿತು, ಜೊತೆಗೆ ಈ ಕ್ಷೇತ್ರವನ್ನು ಖಾಸಗಿಯವರಿಗೂ ತೆರೆಯಿತು. ಕೈಗಾದ ನಾಲ್ಕು ಘಟಕಗಳು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಪಾಸಣೆಗೆ ಒಳಪಟ್ಟ ಸ್ಥಾವರಗಳ ಪಟ್ಟಿಯಲ್ಲಿಲ್ಲ. ಆದುದರಿಂದ ಇಲ್ಲಿನ ಬಳಸಿದ ಇಂಧನದ ಮೇಲೆ ಕಣ್ಣಿಡುವ ಹೊಣೆ ಪೂರ್ತಿಯಾಗಿ ದೇಶದೊಳಗಿನ ಸಂಸ್ಥೆಗಳದ್ದೇ.

ಐದು ಮತ್ತು ಆರನೆಯ ಘಟಕಗಳಿಗೆ ಸಂಬಂಧಿಸಿದ ಸಾರ್ವಜನಿಕ ಅಹವಾಲು ಸಭೆ 2018ರ ಡಿಸೆಂಬರ್‌ನಲ್ಲಿ ನಡೆಯಿತು. 2019ರಲ್ಲಿ ಪರಿಸರ ಅನುಮತಿ ದೊರೆಯಿತು, 2022ರಲ್ಲಿ ನೆಲ ಅಗೆಯುವ ಕೆಲಸ ಆರಂಭವಾಯಿತು. ಸಭೆಗಳಲ್ಲಿ ಚರ್ಚೆಯಾಗುವುದು ಬಹುಮಟ್ಟಿಗೆ ಉದ್ಯೋಗ, ಭೂಮಿ, ಮರ ಕಡಿಯುವಿಕೆ. ಘಟಕ ನಿಂತ ಮೇಲೂ ಉಳಿಯುವ ಇಂಧನದ ಪ್ರಸ್ತಾಪ ಹಿಂದೆ ಬೀಳುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಈ ವಿಷಯದಲ್ಲಿ ನಾಗರಿಕರು ಕೇಳಬಹುದಾದ ಪ್ರಶ್ನೆಗಳು ಸರಳವಾಗಿವೆ. ಕೈಗಾದ ಕೊಳಗಳಲ್ಲಿ ಎಷ್ಟು ಸ್ಥಳ ಉಳಿದಿದೆ, ಪ್ರತಿವರ್ಷ ಎಷ್ಟು ಇಂಧನ ಸಂಸ್ಕರಣೆಗೆ ಹೋಗುತ್ತಿದೆ? ಸ್ಥಳ ತುಂಬುವ ಮುನ್ನವೇ ತಣಿದ ಇಂಧನವನ್ನು ಒಣ ಪೀಪಾಯಿಗಳಿಗೆ ವರ್ಗಾಯಿಸುವ ಕಾಲಪಟ್ಟಿ ಏನು? ಅಂತರ್ಜಲದ ಮಾಪನಗಳನ್ನು ಸ್ಥಾವರದ ಹೊರಗಿನ ಸಂಸ್ಥೆಯೊಂದು ಪರಿಶೀಲಿಸಿ ಕನ್ನಡದಲ್ಲಿ ಪ್ರಕಟಿಸುತ್ತದೆಯೇ? ಪ್ರವಾಹ ಮತ್ತು ಭೂಕುಸಿತದ ಅಂದಾಜುಗಳನ್ನು ಇತ್ತೀಚಿನ ಮಳೆಗಾಲಗಳ ಅನುಭವದಿಂದ ಪರಿಷ್ಕರಿಸಲಾಗಿದೆಯೇ? ಶಾಶ್ವತ ಭಂಡಾರದ ತಾಣವನ್ನು ಆರಿಸುವಾಗ ಆ ಊರಿನವರ ಒಪ್ಪಿಗೆ ಪಡೆಯಲಾಗುವುದೇ, ಅಥವಾ ಕೋಲಾರದವರಂತೆ ಅವರೂ ನ್ಯಾಯಾಲಯದ ವರದಿ ಓದಿ ತಿಳಿಯಬೇಕೇ?

ಪರಮಾಣು ವಿದ್ಯುತ್ ಬೇಕೋ ಬೇಡವೋ ಎಂಬ ವಾದ ಮುಂದುವರಿಯಲಿ. ಈಗಾಗಲೇ ಉತ್ಪತ್ತಿಯಾಗಿರುವ ಇಂಧನಕ್ಕೆ ಮಾತ್ರ ಆ ವಾದ ಅನ್ವಯಿಸುವುದಿಲ್ಲ. ಸ್ಥಾವರವನ್ನು ನಾಳೆಯೇ ನಿಲ್ಲಿಸಿದರೂ ಅದು ಕಾಳಿ ತೀರದಲ್ಲಿ ಇದ್ದೇ ಇರುತ್ತದೆ. ಅದನ್ನು ಸುರಕ್ಷಿತವಾಗಿ ಕಾಯುವ ಖರ್ಚು ಮತ್ತು ಹೊಣೆ ಆ ವಿದ್ಯುತ್ತನ್ನು ಬಳಸಿದ ಎಲ್ಲರದ್ದೂ ಹೌದು.